ಟ್ಯೂಬಿಂಗನ್ನಿನಲ್ಲಿ ಒಬ್ಬ ವಿದ್ಯಾರ್ಥಿನಿಯ ದಿನಚರಿ

ಮಗನೋ ಮಗಳೋ ಪರದೇಶದಲ್ಲಿ ಓದುತ್ತಿರುವ ಮನೆಗಳು ಈಗ ನಮ್ಮಲ್ಲಿ ಅನೇಕವಾಗಿವೆ. ಅಂತಹ ಮನೆಗೆ ಹೋದವರಿಗೆ ತಾಯಿತಂದೆಗಳು ಬಹು ಸಂತೋಷದಿಂದ ಭಾವಚಿತ್ರಗಳನ್ನು ತೋರಿಸುವರು: ಹಿಮದಲ್ಲಿ ನಿಂತಿರುವ ಮಗಳು, ಹಳೆಯ ಕೋಟೆಯ ಬಾಗಿಲಲ್ಲಿ ನಗುತ್ತಿರುವ ಮಗ. ಆದರೆ ಆ ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಹೇಗೆ ಕಾಲ ಕಳೆಯುವರೆಂಬುದನ್ನು ಭಾವಚಿತ್ರವು ತಿಳಿಸಲಾರದು. 2024ರ ನವೆಂಬರ್ ತಿಂಗಳ ಕಡೆಯಲ್ಲಿ ನಾವು ಜರ್ಮನಿಯ ಟ್ಯೂಬಿಂಗನ್ ಪಟ್ಟಣಕ್ಕೆ ಹೋಗಿ, ಅಲ್ಲಿ ಜೀವಶಾಸ್ತ್ರವನ್ನು ಓದುತ್ತಿದ್ದ ನಮ್ಮ ಬಂಧುಗಳ ಮಗಳೊಬ್ಬಳೊಡನೆ ಒಂದು ದಿನವನ್ನು ಪೂರ್ತಿಯಾಗಿ ಕಳೆದೆವು. ಅಂದು ಕಂಡುದನ್ನು ಗೃಹಸ್ಥರಾದ ವಾಚಕರ ಮುಂದೆ ಇಡುತ್ತೇವೆ.

ಟ್ಯೂಬಿಂಗನ್ ದೊಡ್ಡ ಊರಲ್ಲ. ಸ್ಟುಟ್‌ಗಾರ್ಟ್ ನಗರಕ್ಕೆ ದಕ್ಷಿಣದಲ್ಲಿ, ನೆಕ್ಕರ್ ನದಿಯ ದಡದಲ್ಲಿರುವ ಈ ಪಟ್ಟಣದ ಜನಸಂಖ್ಯೆ ಸುಮಾರು 90,000. ಅದರಲ್ಲಿರುವ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೇ 27,000ಕ್ಕೆ ಮೇಲ್ಪಟ್ಟು. 1477ರಲ್ಲಿ ಎಬರ್‌ಹಾರ್ಟ್ ಎಂಬ ದೊರೆಯು ಸ್ಥಾಪಿಸಿದ ವಿದ್ಯಾಲಯವಿದು. ಗ್ರಹಗಳ ಗತಿಯನ್ನು ಕಂಡುಹಿಡಿದ ಕೆಪ್ಲರ್ ಓದಿದ್ದು ಇಲ್ಲಿ. ತತ್ವಜ್ಞಾನಿ ಹೆಗೆಲ್, ಕವಿ ಹೋಲ್ಡರ್ಲಿನ್ ಇವರು ಸಹಪಾಠಿಗಳಾಗಿದ್ದುದೂ ಇಲ್ಲಿಯೇ. ಮರದ ತೊಲೆಗಳನ್ನು ಅಡ್ಡಲಾಗಿಯೂ ಓರೆಯಾಗಿಯೂ ಜೋಡಿಸಿ ಕಟ್ಟಿದ ಹಳೆಯ ಮನೆಗಳು ಗುಡ್ಡದ ಇಳಿಜಾರಿನಲ್ಲಿ ಒಂದರ ಹೆಗಲಿಗೊಂದು ಒರಗಿಕೊಂಡು ನಿಂತಿರುವುದನ್ನು ನೋಡಿದರೆ, ಕಾಲವು ಇಲ್ಲಿ ಮೆಲ್ಲಮೆಲ್ಲನೆ ನಡೆಯುವುದೆಂದು ತೋರುವುದು. ವಿದ್ಯಾರ್ಥಿಗಳ ಕಾಲವು ಮಾತ್ರ ಹಾಗೆ ನಡೆಯುವುದಿಲ್ಲ.

ನಮ್ಮ ಹುಡುಗಿ ಏಳುವುದು ಆರೂವರೆ ಗಂಟೆಗೆ. ಆ ತಿಂಗಳಲ್ಲಿ ಸೂರ್ಯೋದಯವಾಗುವಾಗ ಎಂಟು ಗಂಟೆ ಸಮೀಪಿಸಿರುತ್ತದೆ. ಆದಕಾರಣ ಎದ್ದಾಗ ಕಗ್ಗತ್ತಲೆ. ಅವಳ ವಾಸ ಊರ ಮೇಲಣ ಗುಡ್ಡದ ವಿದ್ಯಾರ್ಥಿನಿಲಯದಲ್ಲಿ. ಕೊಠಡಿ ಅವಳೊಬ್ಬಳದು, ಅಡಿಗೆಮನೆ ಮಾತ್ರ ಹಲವರದು. ಶೀತಪೆಟ್ಟಿಗೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂತಸ್ತು. ಅವಳ ಅಂತಸ್ತಿನಲ್ಲಿ ಮೊಸರು, ಹಸಿಮೆಣಸಿನಕಾಯಿ, ಹಿಂದಿನ ರಾತ್ರಿಯ ಅನ್ನ ಇವುಗಳನ್ನು ಕಂಡೆವು. ಆ ಅನ್ನಕ್ಕೆ ಒಗ್ಗರಣೆ ಹಾಕಿಕೊಂಡು ತಿಂದು, ಪಾತ್ರೆ ತೊಳೆದು, ಕಸವನ್ನು ಬೇರೆಬೇರೆ ಮಾಡಿದಳು: ಕಾಗದ ಒಂದು ಕಡೆ, ತರಕಾರಿಯ ಸಿಪ್ಪೆ ಒಂದು ಕಡೆ, ಪ್ಲಾಸ್ಟಿಕ್ ಇನ್ನೊಂದು ಕಡೆ. ನೀರಿನ ಖಾಲಿ ಶೀಸೆಗಳನ್ನು ಚೀಲಕ್ಕೆ ಹಾಕಿಕೊಂಡಳು. ಅಂಗಡಿಗೆ ಹಿಂದಿರುಗಿಸಿದರೆ ಪ್ಲಾಸ್ಟಿಕ್ ಶೀಸೆ ಒಂದಕ್ಕೆ 25 ಸೆಂಟು ಮರಳಿ ಬರುವುದಂತೆ. ಊರಿನಲ್ಲಿದ್ದಾಗ ಕುಡಿದ ಲೋಟವನ್ನು ಕುಳಿತಲ್ಲಿಯೇ ಇಟ್ಟು ಏಳುತ್ತಿದ್ದ ಹುಡುಗಿಯೇ ಇವಳೆಂದು ನಾವು ಬೆರಗಾದೆವು.

ಎಂಟು ಗಂಟೆಗೆಂದು ಬರೆದ ಉಪನ್ಯಾಸವು ಎಂಟೂಕಾಲಿಗೆ ಆರಂಭವಾಗುತ್ತದೆ. ಇದು ಆಲಸ್ಯವಲ್ಲ. ಗಂಟೆಯ ತರುವಾಯ ಕಾಲು ಗಂಟೆ ಬಿಟ್ಟು ಪಾಠ ಹೇಳುವುದು ಅಲ್ಲಿಯ ವಿಶ್ವವಿದ್ಯಾನಿಲಯಗಳ ಹಳೆಯ ಸಂಪ್ರದಾಯ. ಆದರೆ ಆ ಕಾಲು ಗಂಟೆ ಕಳೆದ ಮೇಲೆ ಒಂದು ನಿಮಿಷವೂ ವಿಳಂಬವಿಲ್ಲ. ಪಾಠ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟದೆ ಬೆರಳಗೆಣ್ಣುಗಳಿಂದ ಮೇಜನ್ನು ಬಡಿಯುವರು. ಗುರುಗಳಿಗೆ ಅದೇ ವಂದನೆ. ಅನಂತರ ಪ್ರಯೋಗಶಾಲೆ. ಒಳಗೆ ನಮಗೆ ಪ್ರವೇಶವಿರಲಿಲ್ಲ. ಗಾಜಿನಾಚೆ ಅವಳು ಬಿಳಿಯ ನಿಲುವಂಗಿಯನ್ನು ತೊಟ್ಟು, ಮಳೆಹನಿಗಿಂತ ಎಷ್ಟೋ ಚಿಕ್ಕದಾದ ಹನಿಗಳನ್ನು ಸಾಲುಸಾಲಾದ ಕೊಳವೆಗಳಿಗೆ ಅಳೆದು ಬಿಡುತ್ತಿರುವುದನ್ನು ಮಾತ್ರ ನೋಡಿದೆವು. ನಡುವೆ ವಿದ್ಯಾರ್ಥಿಗಳ ಭೋಜನಶಾಲೆಯಲ್ಲಿ ಊಟ. ಅಂದು ಶಾಕಾಹಾರಿಗಳಿಗೆ ದೊರೆತದ್ದು ಬೇಯಿಸಿದ ಆಲೂಗೆಡ್ಡೆ, ಬೇಳೆಯ ಗೊಜ್ಜು. ಅವಳು ಚೀಲದಿಂದ ಚಿಕ್ಕದೊಂದು ಡಬ್ಬಿಯನ್ನು ತೆಗೆದು ಚಟ್ನಿಪುಡಿಯನ್ನು ಉದುರಿಸಿಕೊಂಡಳು, ನಮಗೂ ಕೊಟ್ಟಳು.

ಮೂರು ಗಂಟೆಗೆ ನಮ್ಮನ್ನು ಊರ ಕೋಟೆಗೆ ಕರೆದುಕೊಂಡು ಹೋದಳು. ಆ ಕೋಟೆಯ ಹಳೆಯ ಅಡಿಗೆಮನೆಯು ಹಿಂದೆ ರಸಾಯನಶಾಲೆಯಾಗಿತ್ತು. 1869ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದಿದ್ದ ಫ್ರೀಡ್ರಿಖ್ ಮೀಷರ್ ಎಂಬ ಇಪ್ಪತ್ತನಾಲ್ಕು ವರುಷದ ತರುಣನು ಅಲ್ಲಿ ಕೆಲಸಮಾಡುತ್ತಿದ್ದನು. ಆಸ್ಪತ್ರೆಯಲ್ಲಿ ರೋಗಿಗಳ ಗಾಯದಿಂದ ಬಿಚ್ಚಿದ ಕೀವಿನ ಬಟ್ಟೆಗಳನ್ನು ತರಿಸಿ, ಕೀವಿನ ಕಣಗಳನ್ನು ತೊಳೆದು ತೆಗೆದು, ಅವುಗಳ ಬೀಜದಲ್ಲಿ ಅದುವರೆಗೆ ಯಾರೂ ಕಾಣದ ಪದಾರ್ಥವೊಂದನ್ನು ಕಂಡನು. ತಾಯಿತಂದೆಗಳ ಲಕ್ಷಣಗಳು ಮಕ್ಕಳಿಗೆ ಬರುವುದಕ್ಕೆ ಕಾರಣವಾದ ಡಿಎನ್‌ಎ ಎಂದು ಇಂದು ಹೆಸರಾಗಿರುವುದು ಅದೇ. “ಇವನೂ ಪರಊರಿನಿಂದ ಬಂದವನೇ” ಎಂದಳು ನಮ್ಮ ಹುಡುಗಿ, ಮತ್ತೇನೂ ಹೇಳಲಿಲ್ಲ.

ಕನ್ನಡಿಗರು ಈ ಊರನ್ನು ನೆನೆಯಲು ಬೇರೊಂದು ಕಾರಣವೂ ಉಂಟು. 1853ರಲ್ಲಿ ಬಾಸೆಲ್ ಮಿಷನ್ನಿನವರಾಗಿ ನಮ್ಮ ನಾಡಿಗೆ ಬಂದು, ಬಹುಕಾಲ ಶ್ರಮಪಟ್ಟು, 1894ರಲ್ಲಿ ಮಂಗಳೂರಿನಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನಾಂಡ್ ಕಿಟ್ಟೆಲ್ಲರು ಕೊನೆಯ ದಿನಗಳನ್ನು ಕಳೆದು, 1903ರಲ್ಲಿ ಕಾಲವಾದುದು ಟ್ಯೂಬಿಂಗನ್ನಿನಲ್ಲಿ. ಇಲ್ಲಿಯ ವಿಶ್ವವಿದ್ಯಾನಿಲಯವೇ 1896ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಪರಭಾಷೆಯನ್ನು ತನ್ನದಾಗಿ ಮಾಡಿಕೊಳ್ಳುವ ಕಷ್ಟವನ್ನು ಅವರಷ್ಟು ಬಲ್ಲವರು ವಿರಳ. ನಮ್ಮ ಹುಡುಗಿಯ ಪಾಠಗಳು ಇಂಗ್ಲಿಷಿನಲ್ಲಿ ನಡೆದರೂ ಅಂಗಡಿಬೀದಿಯ ಮಾತು ಜರ್ಮನ್. ಅವಳ ಜೇಬಿನಲ್ಲೊಂದು ಸಣ್ಣ ಪುಸ್ತಕ; ಅದರಲ್ಲಿ ಎಡಕ್ಕೆ ಜರ್ಮನ್ ಪದ, ಬಲಕ್ಕೆ ಕನ್ನಡದ ಅರ್ಥ. ಬಸ್ಸಿನಲ್ಲಿ ಕುಳಿತಾಗಲೆಲ್ಲ ಅದನ್ನು ಬಾಯಿಪಾಠ ಮಾಡುವಳು.

ಹಣದ ಮಾತನ್ನೂ ಹೇಳಬೇಕು. ಆ ಪ್ರಾಂತದಲ್ಲಿ 2017ರ ಚಳಿಗಾಲದಿಂದ, ಐರೋಪ್ಯ ಒಕ್ಕೂಟಕ್ಕೆ ಸೇರದ ದೇಶಗಳ ವಿದ್ಯಾರ್ಥಿಗಳು ಆರು ತಿಂಗಳಿಗೊಮ್ಮೆ 1,500 ಯೂರೋ ಶುಲ್ಕವನ್ನು ತೆರಬೇಕಾಯಿತು. ಇದಲ್ಲದೆ ವರುಷದ ಜೀವನವೆಚ್ಚಕ್ಕೆಂದು 11,904 ಯೂರೋಗಳನ್ನು ಮುಂಗಡವಾಗಿ ಬ್ಯಾಂಕಿನಲ್ಲಿಡಬೇಕೆಂಬುದು 2024ರ ಸೆಪ್ಟೆಂಬರಿನಿಂದ ಬಂದ ಲೆಕ್ಕ. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುವುದು. ಮನೆಯವರು ಸಾಲ ಮಾಡಿ ಕಳುಹಿಸಿದ ಹಣವನ್ನು ಉಳಿಸಬೇಕೆಂದು ಅವಳು ವಾರದಲ್ಲಿ ಮೂರು ಸಂಜೆ ಒಂದು ದಿನಸಿ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಅದಕ್ಕೂ ಮಿತಿಯುಂಟು. 2024ರ ಮಾರ್ಚಿಯಲ್ಲಿ ಜಾರಿಗೆ ಬಂದ ಕಾನೂನಿನ ಮೇರೆಗೆ ವರುಷಕ್ಕೆ 140 ಪೂರ್ಣ ದಿನ, ಇಲ್ಲವೆ 280 ಅರ್ಧ ದಿನಗಳು.

ಅಂದು ಕೆಲಸದ ಸಂಜೆ. ಐದು ಗಂಟೆಗೆ ಕತ್ತಲಾಗಿತ್ತು. ನಮ್ಮ ನಾಡಿನಲ್ಲಿ ಆಗ ರಾತ್ರಿ ಒಂಬತ್ತೂವರೆ. ಅಂಗಡಿಗೆ ಹೋಗುವ ಮುನ್ನ, ಸೇತುವೆಯ ಬಳಿ ಚಳಿಯಲ್ಲಿ ನಿಂತು ತಾಯಿಗೆ ದೂರವಾಣಿ ಮಾಡಿದಳು. “ಊಟವಾಯಿತೇ?” ಎಂದರು ತಾಯಿ. “ಆಯಿತಮ್ಮ.” “ಓದು ಹೇಗಿದೆ?” “ಚೆನ್ನಾಗಿದೆ.” ಅವಳ ಊಟಕ್ಕೆ ಇನ್ನೂ ನಾಲ್ಕು ಗಂಟೆಯ ಕಾಲವಿತ್ತು. ಓದಿನ ಸಂಗತಿಯಾದರೋ, ಹಿಂದಿನ ಅವಧಿಯ ಒಂದು ಪರೀಕ್ಷೆಯಲ್ಲಿ ಅವಳು ತೇರ್ಗಡೆಯಾಗಿರಲಿಲ್ಲ. ಅಲ್ಲಿ ಒಂದು ಪರೀಕ್ಷೆಯನ್ನು ಇಂತಿಷ್ಟೇ ಸಲ ಬರೆಯಬಹುದೆಂಬ ಕಟ್ಟು ಸಾಮಾನ್ಯವಾಗಿ ಉಂಟು. ಅದು ಮೀರಿದರೆ ಆ ಓದೇ ನಿಂತುಹೋಗುವುದು. ಮರುಪರೀಕ್ಷೆಗೆ ಮೂರು ವಾರ ಉಳಿದಿತ್ತು. ಇದನ್ನು ಮನೆಗೆ ಏಕೆ ತಿಳಿಸಲಿಲ್ಲವೆಂದು ಕೇಳಿದೆವು. “ತಿಳಿಸಿದರೆ ಅಮ್ಮ ನಿದ್ರೆ ಮಾಡುವುದಿಲ್ಲ. ಅಮ್ಮ ನಿದ್ರೆ ಮಾಡುವುದಿಲ್ಲವೆಂದು ನನಗೆ ಓದಲಾಗುವುದಿಲ್ಲ” ಎಂದಳು. ಒಂಬತ್ತೂವರೆಗೆ ಹಿಂದಿರುಗಿ, ಅನ್ನ ಬೇಯಿಸಿ ಉಂಡು, ಹನ್ನೆರಡರವರೆಗೆ ದೀಪದ ಮುಂದೆ ಕುಳಿತಿದ್ದಳು.

ಡಿಸೆಂಬರಿನ ಆ ಪರೀಕ್ಷೆಯಲ್ಲಿ ಅವಳು 2.3 ಅಂಕ ಪಡೆದು ತೇರ್ಗಡೆಯಾದಳು. ಅಲ್ಲಿ 1.0 ಉತ್ತಮೋತ್ತಮ, 4.0 ಕಡೆಯ ಮೆಟ್ಟಿಲು. ತರುವಾಯ ನಡೆದುದೆಲ್ಲವನ್ನೂ ತಾನೇ ತಾಯಿಗೆ ಹೇಳಿ, ಇಲ್ಲಿ ಬರೆಯಲು ನಮಗೆ ಒಪ್ಪಿಗೆಯಿತ್ತಳು. ಎಲ್ಲ ಮಕ್ಕಳ ಕಥೆಯೂ ಹೀಗೆ ಮುಗಿಯಲಾರದು.

ಮಕ್ಕಳನ್ನು ಪರದೇಶಕ್ಕೆ ಕಳುಹಿಸುವವರು ಹಣವನ್ನೂ ಉಪ್ಪಿನಕಾಯಿಯನ್ನೂ ಜೊತೆಮಾಡುವರು. ಹೊರಡುವ ಮುನ್ನ ಅಡಿಗೆ, ಬಟ್ಟೆ ಒಗೆಯುವುದು, ಲೆಕ್ಕ ಬರೆಯುವುದು ಇವುಗಳನ್ನು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕಲಿಸಿದರೆ ಅರ್ಧ ಕಷ್ಟ ಕಳೆಯಿತು. ಉಳಿದರ್ಧವು ನಮ್ಮ ಮಾತಿನಲ್ಲಿದೆ. “ಓದು ಹೇಗಿದೆ?” ಎಂದರೆ “ಚೆನ್ನಾಗಿದೆ” ಎಂಬ ಉತ್ತರವಲ್ಲದೆ ಬೇರೆ ಬಾರದು. “ಇಂದು ಯಾವುದು ಕಷ್ಟವಾಯಿತು?” ಎಂದು ಕೇಳಿ, ಬಂದ ಉತ್ತರಕ್ಕೆ ಅಳದೆ, ಗದರದೆ, ಕೇಳಿಕೊಳ್ಳಲು ಕಲಿತ ಮನೆಯವರ ಮಕ್ಕಳಿಗೆ ಸೋಲನ್ನು ಏಳು ಸಮುದ್ರದಾಚೆ ಒಬ್ಬರೇ ಹೊರುವ ಭಾರ ತಪ್ಪುವುದು.