ಮಾನಿಟರ್ ಕಪ್ಪಾದರೆ ಮೊದಲು ಟಾರ್ಚ್ ಹುಡುಕಿ

ಪರದೆ ಕಪ್ಪಾದ ಕೂಡಲೇ ಮಾನಿಟರ್ ಕೆಟ್ಟೇಹೋಯಿತೆಂದು ಹೊಸದು ಕೊಳ್ಳುವವರಿದ್ದಾರೆ. ಆದರೆ ‘ನೋ ಸಿಗ್ನಲ್’ ಎಂಬ ಅಕ್ಷರ ಮೂಡುತ್ತಿದ್ದರೆ ಪರದೆಗೇನೂ ಆಗಿಲ್ಲ; ತೊಂದರೆ ಕೇಬಲ್‌ನಲ್ಲೋ, ಇನ್‌ಪುಟ್ ಆಯ್ಕೆಯಲ್ಲೋ, ಸಿಪಿಯುನಲ್ಲೋ ಇರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಇದ್ದೂ ಎಚ್‌ಡಿಎಂಐ ಕೇಬಲನ್ನು ಮದರ್‌ಬೋರ್ಡಿಗೆ ಚುಚ್ಚಿದರೆ ಹೀಗಾಗಬಹುದು. ಫ್ಯಾನ್ ತಿರುಗಿಯೂ ಚಿತ್ರ ಬಾರದಿದ್ದರೆ ಕರೆಂಟ್ ತೆಗೆದು ರ‍್ಯಾಮ್ ಬಿಚ್ಚಿ ಮತ್ತೆ ಒತ್ತಿ ಕೂರಿಸಬೇಕು. ಎಷ್ಟೋ ಸಲ ಅಷ್ಟಕ್ಕೇ ಜೀವ ಬರುತ್ತದೆ.

ಅಕ್ಷರವೂ ಇಲ್ಲ, ಪವರ್ ದೀಪ ಮಾತ್ರ ಉರಿಯುತ್ತಿದೆಯೇ? ಕತ್ತಲೆ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿಯಬೇಕು. ಚಿತ್ರ ಮಸುಕಾಗಿ ಕಂಡರೆ ಕೈಕೊಟ್ಟಿರುವುದು ಬ್ಯಾಕ್‌ಲೈಟ್. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ.

ಆಗ ರಿಪೇರಿಯವರ ಬಳಿಗೇ ಒಯ್ಯಬೇಕು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ಮನೆಯಲ್ಲಿ ಮುಚ್ಚಳ ಬಿಚ್ಚುವ ಸಾಹಸ ಬೇಡವೇ ಬೇಡ.