ಖೌಲಾರ ದೂರು ಮತ್ತು ಕಪ್ಪು ಮಹಿಳೆಯರ ಕೋಪ

ಕೋಪವನ್ನು ನುಂಗಿಕೊಳ್ಳುವುದು ಸತ್ಯವಿಶ್ವಾಸಿಯ ಶ್ರೇಷ್ಠ ಗುಣವೆಂದು ಪವಿತ್ರ ಕುರ್‌ಆನ್ ಕಲಿಸುತ್ತದೆ. ಪ್ರವಾದಿವರ್ಯರು(ಸ) ಮನುಷ್ಯನ ಬಲವನ್ನು ಕುಸ್ತಿಯ ಅಖಾಡದಲ್ಲಿ ಅಳೆಯಲಿಲ್ಲ. ಕೋಪದ ಗಳಿಗೆಯಲ್ಲಿ ಅವನು ತೋರುವ ಸಂಯಮದಲ್ಲಿ ಅಳೆದರು. ಮದ್ರಸದ ಪುಟ್ಟ ಮಕ್ಕಳಿಗೂ ಈ ಪಾಠ ಗೊತ್ತಿದೆ. ಇದು ಗಂಡಿಗೂ ಹೆಣ್ಣಿಗೂ ಸಮಾನವಾಗಿ ನೀಡಲಾದ ಉಪದೇಶ. ಆದರೆ ನಮ್ಮ ಮನೆಗಳಲ್ಲಿ ಅದನ್ನು ಹೆಚ್ಚಾಗಿ ಕೇಳಿಸಿಕೊಳ್ಳುವವರು ಯಾರು? ಗಂಡಸು ಸಿಡುಕಿದರೆ ಅವನ ಸ್ವಭಾವವೇ ಹಾಗೆ ಎನ್ನುತ್ತೇವೆ. ಹೆಣ್ಣು ಧ್ವನಿ ಎತ್ತಿದರೆ ಅವಳಲ್ಲಿ ಸಬ್ರ್ ಇಲ್ಲ ಎನ್ನುತ್ತೇವೆ. ಅವಳು ಏಕೆ ಧ್ವನಿ ಎತ್ತಿದಳು ಎಂಬ ಪ್ರಶ್ನೆ ಅಲ್ಲಿಗೆ ಮುಗಿದುಹೋಗುತ್ತದೆ.

ಅಮೆರಿಕದ ಕಪ್ಪು ಮಹಿಳೆಯರ ಇತಿಹಾಸವನ್ನು ಓದುವಾಗ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಓದುತ್ತಾ ಹೋದಂತೆ ನನ್ನ ಮನಸ್ಸು ಮತ್ತೆ ಮತ್ತೆ ಮದೀನಾದ ಒಬ್ಬ ಮಹಿಳೆಯ ಕಡೆಗೆ ಮರಳುತ್ತಿತ್ತು.

ಆಕೆ ಹಝ್ರತ್ ಖೌಲಾ ಬಿಂತ್ ಸಅಲಬಾ(ರ). ಪತಿ ಔಸ್ ಬಿನ್ ಸಾಮಿತ್(ರ) ಒಂದು ದಿನ ಸಿಟ್ಟಿನಿಂದ ಆಕೆಯನ್ನು ತನ್ನ ತಾಯಿಗೆ ಹೋಲಿಸಿ ದೂರವಿಟ್ಟರು. ಅಜ್ಞಾನ ಕಾಲದ ಅರಬರಲ್ಲಿ ಇದಕ್ಕೆ ಝಿಹಾರ್ ಎನ್ನುತ್ತಿದ್ದರು. ಒಂದು ಮಾತಿಗೆ ಹೆಣ್ಣಿನ ಬದುಕೇ ಅತಂತ್ರವಾಗುತ್ತಿತ್ತು. ಖೌಲಾ(ರ) ಪ್ರವಾದಿವರ್ಯರ(ಸ) ಬಳಿಗೆ ಹೋಗಿ, ಯೌವನವನ್ನೆಲ್ಲ ಸವೆಸಿ, ಮಕ್ಕಳನ್ನು ಹೆತ್ತ ಮೇಲೆ ತನಗೆ ಬಂದ ಈ ಗತಿಯ ಬಗ್ಗೆ ದೂರಿಕೊಂಡರು. ತಕ್ಷಣ ಪರಿಹಾರ ಸಿಗದಿದ್ದಾಗ ಹಿಂದಿರುಗಲಿಲ್ಲ, ವಾದಿಸಿದರು. ಅದೇ ಮನೆಯಲ್ಲಿದ್ದ ಹಝ್ರತ್ ಆಯಿಶಾರಿಗೆ(ರ) ಆಕೆಯ ಕೆಲವು ಮಾತುಗಳು ಕೇಳಿಸಲಿಲ್ಲ. ಆದರೆ ಅಲ್ಲಾಹನು ಆ ಮಾತುಗಳನ್ನು ಆಲಿಸಿದನು. 58ನೇ ಅಧ್ಯಾಯ ಆ ದೂರಿನ ಪ್ರಸ್ತಾಪದಿಂದಲೇ ಆರಂಭವಾಗುತ್ತದೆ. ಅದರ ಹೆಸರು ಅಲ್ ಮುಜಾದಿಲಃ, ಅಂದರೆ ವಾದಿಸುವವಳು.

ಖೌಲಾರಿಗೆ(ರ) ಸುಮ್ಮನಿರು ಎಂಬ ಆಜ್ಞೆ ಬರಲಿಲ್ಲ. ಖಂಡನೆಗೆ ಒಳಗಾದದ್ದು ಝಿಹಾರ್‌ನ ಮಾತು. ಪ್ರಾಯಶ್ಚಿತ್ತ ವಿಧಿಸಲಾದದ್ದು ಆ ಮಾತನ್ನಾಡಿದ ಪುರುಷನಿಗೆ. ಆ ಪ್ರಾಯಶ್ಚಿತ್ತದ ಮೊದಲ ರೂಪ ಒಬ್ಬ ಗುಲಾಮನ ವಿಮೋಚನೆ. ಅದು ಸಾಧ್ಯವಾಗದಿದ್ದರೆ ಮಾತ್ರ ನಿರಂತರ ಎರಡು ತಿಂಗಳ ಉಪವಾಸ, ಅದೂ ಆಗದಿದ್ದರೆ 60 ಮಂದಿ ಬಡವರಿಗೆ ಉಣಬಡಿಸುವುದು. ನೊಂದ ಹೆಣ್ಣೊಬ್ಬಳ ದೂರಿನಿಂದ ಸರಪಳಿಯಲ್ಲಿದ್ದ ಇನ್ನೊಂದು ಜೀವಕ್ಕೂ ಬಿಡುಗಡೆಯ ಬಾಗಿಲು ತೆರೆಯಿತು.

ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ಅಮೆರಿಕಕ್ಕೆ ಸಾಗಿಸಲಾದ ಗುಲಾಮರಲ್ಲಿ ಮುಸ್ಲಿಮರೂ ಇದ್ದರು. 1865ರಲ್ಲಿ ಕಾನೂನಿನ ಪ್ರಕಾರ ಗುಲಾಮಗಿರಿ ಕೊನೆಗೊಂಡಿತು, ಆದರೆ ಅವಮಾನ ಕೊನೆಗೊಳ್ಳಲಿಲ್ಲ. 1862ರಲ್ಲಿ ಮಿಸಿಸಿಪ್ಪಿಯಲ್ಲಿ ಗುಲಾಮಗಿರಿಯಲ್ಲೇ ಜನಿಸಿದ ಐಡಾ ಬಿ. ವೆಲ್ಸ್ ಹದಿಹರೆಯದಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ಶಿಕ್ಷಕಿಯಾಗಿ ದುಡಿದು ತಮ್ಮ ತಂಗಿಯರನ್ನು ಸಾಕಿದರು. ಟಿಕೆಟ್ ಇದ್ದರೂ ಅವರನ್ನು ರೈಲಿನ ಮಹಿಳಾ ಬೋಗಿಯಿಂದ ಬಲವಂತವಾಗಿ ಹೊರದಬ್ಬಲಾಯಿತು. ಅವರು ಮೊಕದ್ದಮೆ ಹೂಡಿದರು. 1884ರಲ್ಲಿ ಕೆಳ ನ್ಯಾಯಾಲಯ 500 ಡಾಲರ್ ಪರಿಹಾರ ನೀಡಿತು. 1887ರಲ್ಲಿ ಟೆನ್ನೆಸ್ಸಿಯ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ರೈಲ್ವೆ ಕಂಪೆನಿಗೆ ಕಿರುಕುಳ ಕೊಡುವುದೇ ಈಕೆಯ ಉದ್ದೇಶವೆಂದು ಆ ನ್ಯಾಯಾಲಯ ಅಭಿಪ್ರಾಯಪಟ್ಟಿತು. ದೌರ್ಜನ್ಯಕ್ಕೆ ಒಳಗಾದವಳೇ ಕಿರುಕುಳ ಕೊಟ್ಟವಳಾದಳು!

1892ರಲ್ಲಿ ಮೆಂಫಿಸ್ ನಗರದಲ್ಲಿ ದಿನಸಿ ಅಂಗಡಿಯೊಂದರ ಜೊತೆ ನಂಟಿದ್ದ ಮೂವರು ಕಪ್ಪು ಯುವಕರನ್ನು ಬಿಳಿಯರ ಗುಂಪೊಂದು ಜೈಲಿನಿಂದ ಎಳೆದೊಯ್ದು ಕೊಂದಿತು. ಅವರಲ್ಲಿ ಒಬ್ಬರಾದ ಥಾಮಸ್ ಮಾಸ್ ವೆಲ್ಸ್‌ರ ಆಪ್ತ ಸ್ನೇಹಿತರು. ವೆಲ್ಸ್ ಕೋಪಗೊಂಡರು. ಆದರೆ ಆ ಕೋಪ ಕೈಗೆ ಕಲ್ಲನ್ನು ಕೊಡಲಿಲ್ಲ, ಲೇಖನಿಯನ್ನು ಕೊಟ್ಟಿತು. ಬಿಳಿಯರ ಪತ್ರಿಕೆಗಳಲ್ಲೇ ಪ್ರಕಟವಾದ ಅಂಕಿ ಅಂಶಗಳನ್ನು ಅವರು ಒಂದೊಂದಾಗಿ ಕಲೆಹಾಕಿದರು. ಬಿಳಿಯ ಸ್ತ್ರೀಯರ ಮಾನರಕ್ಷಣೆಗಾಗಿ ಈ ಹತ್ಯೆಗಳು ನಡೆಯುತ್ತಿವೆ ಎಂಬ ಸಮರ್ಥನೆ ಸುಳ್ಳೆಂದು ತೋರಿಸಿದರು. ಗುಂಪು ಅವರ ಪತ್ರಿಕಾ ಕಚೇರಿಯನ್ನು ಧ್ವಂಸ ಮಾಡಿತು. ಅವರು ಊರು ಬಿಡಬೇಕಾಯಿತು, ಬರೆಯುವುದನ್ನು ಬಿಡಲಿಲ್ಲ. 1931ರಲ್ಲಿ ಅವರು ನಿಧನರಾದರು. ಅಮೆರಿಕದಲ್ಲಿ ಗುಂಪು ಹತ್ಯೆಯನ್ನು ಕೇಂದ್ರ ಸರಕಾರದ ಕಾನೂನಿನಡಿ ಅಪರಾಧವಾಗಿಸಿದ ಶಾಸನ ಜಾರಿಗೆ ಬಂದದ್ದು 2022ರಲ್ಲಿ.

ಈ ಪರಂಪರೆಗೆ ಮಾತಿನ ರೂಪ ಕೊಟ್ಟವರಲ್ಲಿ ಕವಯಿತ್ರಿ ಆಡ್ರೆ ಲಾರ್ಡ್ ಪ್ರಮುಖರು. 1981ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ನಡೆದ ಮಹಿಳಾ ಅಧ್ಯಯನ ಸಮ್ಮೇಳನವೊಂದರಲ್ಲಿ ಅವರು ಕೋಪದ ಉಪಯೋಗಗಳ ಕುರಿತೇ ಮಾತನಾಡಿದರು. ಸಭೆಯಲ್ಲಿದ್ದವರಲ್ಲಿ ಅನೇಕರು ಬಿಳಿಯ ಸ್ತ್ರೀವಾದಿಗಳು. ನಿನ್ನ ನೋವನ್ನು ಹೇಳು, ಆದರೆ ಕಟುವಾಗಿ ಹೇಳಬೇಡ ಎಂದು ತನ್ನನ್ನು ಕೇಳಿಕೊಳ್ಳುವವರ ಬಗ್ಗೆ ಅವರು ಅಲ್ಲಿ ಪ್ರಸ್ತಾಪಿಸಿದರು. ಅವರ ವಿಚಾರದ ತಿರುಳು ಇಷ್ಟು: ದ್ವೇಷವು ಎದುರಿಗಿರುವವರ ನಾಶವನ್ನು ಬಯಸುತ್ತದೆ, ಕೋಪವು ಬದಲಾವಣೆಯನ್ನು ಬಯಸುತ್ತದೆ. ಕೋಪದಲ್ಲಿ ಏನು ತಪ್ಪಾಗಿದೆ ಎಂಬ ತಿಳಿವಳಿಕೆಯೂ ಅದನ್ನು ಸರಿಪಡಿಸುವ ಶಕ್ತಿಯೂ ಇರುತ್ತದೆ. ಲಾರ್ಡ್ ಅವರ ಜೀವನದ ಎಲ್ಲ ನಿಲುವುಗಳನ್ನು ನಮ್ಮ ವಿಶ್ವಾಸ ಒಪ್ಪುವುದಿಲ್ಲ. ಆದರೂ ದ್ವೇಷ ಮತ್ತು ಕೋಪದ ನಡುವೆ ಅವರು ಎಳೆದ ಗೆರೆಯನ್ನು ಕುರ್‌ಆನ್ ಓದುವ ನಾವು ಸುಲಭವಾಗಿ ಗುರುತಿಸಬಲ್ಲೆವು. ಒಂದು ಜನಾಂಗದ ಮೇಲಿನ ದ್ವೇಷವು ನಮ್ಮನ್ನು ಅನ್ಯಾಯಕ್ಕೆ ಪ್ರಚೋದಿಸಬಾರದೆಂದು ಅದು ಎಚ್ಚರಿಸುತ್ತದೆ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದನ್ನು ಅಲ್ಲಾಹನು ಮೆಚ್ಚುವುದಿಲ್ಲವೆಂದು ಹೇಳುವಲ್ಲಿಯೇ ಮರ್ದಿತರಿಗೆ ವಿನಾಯಿತಿಯನ್ನೂ ನೀಡುತ್ತದೆ.

ಪ್ರವಾದಿವರ್ಯರು(ಸ) ತಮಗಾದ ವೈಯಕ್ತಿಕ ನೋವಿಗಾಗಿ ಎಂದೂ ಸೇಡು ತೀರಿಸಲಿಲ್ಲ. ಆದರೆ ಅಲ್ಲಾಹನ ಮೇರೆಗಳು ಉಲ್ಲಂಘನೆಯಾದಾಗ ಅವರು ಸುಮ್ಮನಿರಲೂ ಇಲ್ಲ. ಕೋಪಕ್ಕೆ ಇಸ್ಲಾಮ್ ಹಾಕಿದ ಕಡಿವಾಣ ಇದು. ಸಬ್ರ್ ಎಂಬುದು ಸತ್ಯದ ಮೇಲೆ ಅಚಲವಾಗಿ ನಿಲ್ಲುವ ಸ್ಥೈರ್ಯ. ಅನ್ಯಾಯಕ್ಕೆ ಒಗ್ಗಿಕೊಳ್ಳುವುದನ್ನು ಆ ಹೆಸರಿನಿಂದ ಕರೆಯುವುದು ಸಬ್ರ್‌ಗೇ ಮಾಡುವ ಅಪಚಾರ.

ನಾನು ಭಾಗವಹಿಸುವ ಮಹಿಳೆಯರ ಕುರ್‌ಆನ್ ತರಗತಿಯಲ್ಲಿ ಅನ್ನಿಸಾ ಅಧ್ಯಾಯದ ವಾರಸು ಹಕ್ಕಿನ ವಚನಗಳನ್ನು ಓದುತ್ತಿದ್ದಾಗ ಹಿರಿಯ ಸಹೋದರಿಯೊಬ್ಬರು ಪುಸ್ತಕ ಮುಚ್ಚಿಟ್ಟು ಕೇಳಿದರು: “ನನ್ನ ತಂದೆಯ ಆಸ್ತಿಯಲ್ಲಿ ನನ್ನ ಪಾಲನ್ನು ಅಲ್ಲಾಹನೇ ಗೊತ್ತುಪಡಿಸಿದ್ದಾನೆ. ಅದನ್ನು ಕೇಳಿದ್ದಕ್ಕೆ ಅಣ್ಣಂದಿರು ನನಗೆ ಸಬ್ರ್ ಮಾಡು ಎಂದರು. ಕೊಡಬೇಕಾದವರಿಗೆ ತಖ್ವಾ ಬೇಡವೇ?” ಅವರ ದನಿ ನಡುಗುತ್ತಿತ್ತು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅನೇಕರ ಕಣ್ಣುಗಳು ತೇವವಾಗಿದ್ದವು. ಆ ಕೋಪದಲ್ಲಿ ನನಗೆ ಅವಿಧೇಯತೆಯ ಸುಳಿವೂ ಕಾಣಲಿಲ್ಲ. ಅಲ್ಲಾಹನ ಆಜ್ಞೆಯನ್ನು ಗಂಭೀರವಾಗಿ ಪರಿಗಣಿಸಿದ ಮನಸ್ಸಿನ ಕೋಪ ಅದಾಗಿತ್ತು. ಮಹ್ರ್ ಪಡೆಯದ ಪತ್ನಿ, ವರದಕ್ಷಿಣೆಗಾಗಿ ಹಂಗಿಸಲ್ಪಡುವ ಸೊಸೆ, ಓದನ್ನು ಅರ್ಧಕ್ಕೆ ನಿಲ್ಲಿಸಲಾದ ಮಗಳು ಇವರ ಸಿಟ್ಟಿನ ಹಿಂದೆಯೂ ಇಂತಹ ಒಂದು ನ್ಯಾಯವಾದ ಲೆಕ್ಕ ಇರಬಹುದು. ಸಿಟ್ಟಿನ ಧಾಟಿಯನ್ನು ತಿದ್ದುವ ಮೊದಲು ಆ ಲೆಕ್ಕವನ್ನು ನೋಡುವುದು ನಮ್ಮ ಹೊಣೆ.

ಖಲೀಫಾ ಉಮರ್(ರ) ಒಮ್ಮೆ ಜನರೊಂದಿಗೆ ದಾರಿಯಲ್ಲಿ ಸಾಗುತ್ತಿದ್ದಾಗ ವೃದ್ಧೆಯೊಬ್ಬರು ಅವರನ್ನು ತಡೆದು ಬಹಳ ಹೊತ್ತು ಖಾರವಾಗಿಯೇ ಉಪದೇಶಿಸಿದರೆಂದು ವರದಿಯಾಗಿದೆ. ಉಮರ್(ರ) ತಲೆಬಾಗಿ ನಿಂತು ಕೇಳಿದರು. ಜೊತೆಗಿದ್ದವರು ಅಚ್ಚರಿಪಟ್ಟಾಗ, ಏಳು ಆಕಾಶಗಳ ಮೇಲಿಂದ ಅಲ್ಲಾಹನು ಯಾರ ದೂರನ್ನು ಆಲಿಸಿದನೋ ಆ ಖೌಲಾ(ರ) ಇವರೇ ಎಂದು ತಿಳಿಸಿದರು. ಅಲ್ಲಾಹನು ಆಲಿಸಿದ ಧ್ವನಿಗೆ ಕಿವಿಗೊಡದಿರಲು ಉಮರ್‌ರಂತಹ(ರ) ಆಡಳಿತಗಾರರಿಗೇ ಧೈರ್ಯ ಬರಲಿಲ್ಲ. ಹಾಗಿರುವಾಗ ಒಬ್ಬ ತಂದೆಗೆ, ಸಹೋದರನಿಗೆ, ಪತಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ನ್ಯಾಯಕ್ಕಾಗಿ ಎದ್ದ ಧ್ವನಿಯನ್ನು ಆಲಿಸುವ ಕಿವಿಯನ್ನೂ, ಕೋಪವನ್ನು ದ್ವೇಷವಾಗಿಸದೆ ನ್ಯಾಯದ ದಾರಿಯಲ್ಲಿ ನಡೆಸುವ ವಿವೇಕವನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.