ರಕ್ತ ಕಮ್ಮಿ ಮಾತ್ರೆ

ಇದನ್ನ ಬರೆಯೋದೋ ಬೇಡವೋ ಅಂತ ತುಂಬಾ ದಿನ ಯೋಚನೆ ಮಾಡಿದೆ. ಕೊನೆಗೆ ಅವನನ್ನೇ ಕೇಳಿದೆ. "ಬರ್ಕೋ ಮಾವ, ನನ್ನ ಹೆಸರು, ಊರು ಮಾತ್ರ ಹಾಕ್ಬೇಡ" ಅಂದ. ಹಾಗಾಗಿ ಇಲ್ಲಿ ಅವನು ಬರೀ ಪುಟ್ಟ. ವಯಸ್ಸು ಇಪ್ಪತ್ತು ದಾಟಿದೆ, ಆದರೂ ನಮ್ಮನೇಲಿ ಅವನು ಪುಟ್ಟನೇ.

ಪುಟ್ಟ ನನ್ನ ಅಕ್ಕನ ಮಗ. 2001ರಲ್ಲಿ ಹುಟ್ಟಿದ. ಹುಟ್ಟುವಾಗಲೇ ಎಚ್‌ಐವಿ ಇತ್ತು. ತಾಯಿಯಿಂದ ಮಗುವಿಗೆ ಇದು ಹೊಟ್ಟೆಯಲ್ಲಿದ್ದಾಗ, ಹೆರಿಗೆ ಹೊತ್ತಲ್ಲಿ ಅಥವಾ ಎದೆಹಾಲಿನ ಮೂಲಕ ಬರುತ್ತದೆ. ಏನೂ ಔಷಧಿ ಇಲ್ಲದಿದ್ದರೆ ನೂರಕ್ಕೆ 15ರಿಂದ 45 ಮಕ್ಕಳಿಗೆ ಬರಬಹುದು. ತಾಯಿಗೂ ಮಗುವಿಗೂ ಸರಿಯಾಗಿ ಔಷಧಿ ಸಿಕ್ಕರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಬಸುರಿ ಅಕ್ಕನಿಗೆ ಆಗ ಯಾರೂ ಪರೀಕ್ಷೆಯನ್ನೇ ಮಾಡಿರಲಿಲ್ಲ. 2003ರಲ್ಲಿ ಭಾವ ಹೋದ ಮೇಲೇ ನಮಗೆ ವಿಷಯ ಗೊತ್ತಾಗಿದ್ದು. 2005ರಲ್ಲಿ ಅಕ್ಕನೂ ಹೋದಳು. ಊರವರಿಗೆ ಟಿ.ಬಿ. ಅಂತ ಹೇಳಿದೆವು...

ಔಷಧಿ ಇಲ್ಲದಿದ್ದರೆ ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ಸಾಯುತ್ತವೆ. ಪುಟ್ಟ ಹೇಗೋ ಉಳಿದುಕೊಂಡ. ಆರು ವರ್ಷಕ್ಕೆ ಹದಿಮೂರು ಕೆ.ಜಿ. ಇದ್ದ. ಒಂದು ತಿಂಗಳು ಕಿವಿ ಸೋರೋದು, ಇನ್ನೊಂದು ತಿಂಗಳು ಭೇದಿ, ಕೆಮ್ಮು. 2006ರ ನವೆಂಬರ್ ಕೊನೆಗೆ ಮಕ್ಕಳಿಗೂ ಉಚಿತವಾಗಿ ಎ.ಆರ್.ಟಿ. ಔಷಧಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿತ್ತು. ಮರುವರ್ಷ ಅವನಿಗೂ ಸಿಕ್ಕಿತು. ನೀರಲ್ಲಿ ಕರಗಿಸಿ ಕುಡಿಸೋ ಮಾತ್ರೆ, ದಿನಕ್ಕೆ ಎರಡು ಹೊತ್ತು. ತೂಕ ಏರಿದ ಹಾಗೆ ಡೋಸ್ ಕೂಡ ಏರಬೇಕು, ಅದಕ್ಕೇ ಪ್ರತಿ ಸಲ ತೂಕ ನೋಡೋರು. ನಂಬ್ತೀರೋ ಇಲ್ವೋ, ವರ್ಷ ತುಂಬೋ ಹೊತ್ತಿಗೆ ಹುಡುಗ ಕೈಗೇ ಸಿಗ್ತಿರಲಿಲ್ಲ!

"ಅಜ್ಜಿ, ನಂಗೊಬ್ಬಂಗೇ ಯಾಕೆ ದಿನಾ ಮಾತ್ರೆ?" ಅಂತ ಕೇಳ್ತಿದ್ದ.

"ನಿಂಗೆ ರಕ್ತ ಕಮ್ಮಿ ಇದೆ ಮಗ, ಅದಕ್ಕೆ."

ಅಮ್ಮ ಹೇಳಿದ್ದು ಆ ಒಂದು ಸುಳ್ಳು. ಅದನ್ನ ನಾನೂ ಒಂಬತ್ತು ವರ್ಷ ಕಾಪಾಡಿಕೊಂಡು ಬಂದೆ. ಮಗು ಇನ್ನೂ ಚಿಕ್ಕದು, ಶಾಲೇಲಿ ಬಾಯಿ ಬಿಟ್ಟರೆ ಏನು ಗತಿ, ಆಮೇಲೆ ಹೇಳಿದರಾಯ್ತು... ಹೀಗೇ ವರ್ಷಗಳು ಹೋದವು.

ತಡವಾಗಿ ಔಷಧಿ ಶುರುವಾದ ಮಕ್ಕಳು ಬೆಳವಣಿಗೆಯಲ್ಲಿ ಹಿಂದೆ ಬೀಳೋದು ಉಂಟು. ಎತ್ತರ ಕಮ್ಮಿ, ಪ್ರಾಯಕ್ಕೆ ಬರೋದೂ ತಡ. ಹೈಸ್ಕೂಲಲ್ಲಿ ಜೊತೆಯ ಹುಡುಗರಿಗೆಲ್ಲ ಮೀಸೆ ಚಿಗುರಿ ಗಂಟಲು ಒಡೆದಿತ್ತು. ಇವನದು ಇನ್ನೂ ಕೀರಲು ದನಿ, ಪ್ರೇಯರ್ ಸಾಲಲ್ಲಿ ಯಾವಾಗಲೂ ಮೊದಲನೆಯವನು. "ಕುಳ್ಳ" ಅಂತಲೇ ಕರೀತಿದ್ದರು. ಅದನ್ನೂ ನಾವು ರಕ್ತ ಕಮ್ಮಿಯ ಲೆಕ್ಕಕ್ಕೇ ಹಾಕಿದೆವು.

2016ರಲ್ಲಿ, ಅವನ ಎಸ್ಸೆಸ್ಸೆಲ್ಸಿ ವರ್ಷ, ಸಿಡಿ4 ಎಣಿಕೆ ಇದ್ದಕ್ಕಿದ್ದ ಹಾಗೆ ಇಳಿದುಬಿಟ್ಟಿತ್ತು. ಅಂದರೆ ರೋಗ ತಡೆಯೋ ಶಕ್ತಿ ಕುಸಿದಿದೆ ಅಂತ. ಮನೆಗೆ ಬಂದು ಹುಡುಕಿದರೆ ಅಟ್ಟದ ಮೇಲಿನ ಹಳೇ ಡಬ್ಬಿಯಲ್ಲಿ ಮಾತ್ರೆಗಳು. ಎಣಿಸಿದೆ, ನಲವತ್ತೆರಡು. ಬೈಯಲಿಲ್ಲ. ಮಾರನೇ ದಿನ ಮತ್ತೆ ಆಸ್ಪತ್ರೆಗೆ ಕರಕೊಂಡು ಹೋದೆ. ಹೀಗೆ ನಡುನಡುವೆ ಬಿಟ್ಟರೆ ವೈರಸ್ ಔಷಧಿಗೇ ಬಗ್ಗದ ಹಾಗೆ ಆಗಬಹುದು ಅಂತ ಅಲ್ಲಿನ ಕೌನ್ಸೆಲರ್ ನನಗೆ ಹೇಳಿದರು. ಇನ್ನಾದರೂ ಹುಡುಗನಿಗೆ ನಿಜ ಹೇಳಿ ಅಂದರು. ವಾಪಸ್ ಬರೋ ಬಸ್ಸಲ್ಲಿ ಧೈರ್ಯ ಮಾಡಿ ಬಾಯಿ ತೆಗೆಯೋಷ್ಟರಲ್ಲಿ ಅವನೇ ಹೇಳಿದ.

"ನಂಗೆ ಏಳನೇ ಕ್ಲಾಸಲ್ಲೇ ಗೊತ್ತು ಮಾವ. ಆ ರೂಮಿನ ಹೊರಗೆ ಬೋರ್ಡ್ ಇದ್ಯಲ್ಲ, ಗೋಡೆ ತುಂಬಾ ಪೋಸ್ಟರ್ ಬೇರೆ."

ಅವನಿಗೆ ಅಕ್ಷರ ಕಲಿಸಿದ್ದು ನಾನೇ. ಅವನು ಓದಬಲ್ಲ ಅನ್ನೋದೇ ನನಗೆ ಹೊಳೆದಿರಲಿಲ್ಲ!

"ಮತ್ತೆ ಯಾಕೋ ಕೇಳ್ಲಿಲ್ಲ?"

"ಅಜ್ಜಿ ಅಳತ್ತೆ ಅಂತ."

"ಮಾತ್ರೆ ಯಾಕೋ ಬಿಟ್ಟೆ?"

"ಮಾತ್ರೆ ಬಿಟ್ರೂ ಏನೂ ಆಗ್ಲಿಲ್ಲ ಅಂದ್ರೆ ನಂಗೆ ಆ ಕಾಯಿಲೆ ಇಲ್ಲ ಅಂತ ಅಲ್ವಾ?"

ನನಗೆ ಮಾತೇ ಹೊರಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೇಳಿದ. "ಅಮ್ಮಂಗೆ ಯಾಕೆ ಈ ಮಾತ್ರೆ ಕೊಡಿಸ್ಲಿಲ್ಲ?"

ಅದಕ್ಕೂ ಒಂದು ಸುಳ್ಳು ಹೇಳಬಹುದಿತ್ತು. ಆಗ ಈ ಮಾತ್ರೆ ಇರಲಿಲ್ಲ ಕಣೋ ಅಂತ. ಆದರೆ ಇತ್ತು. ಸರ್ಕಾರ ಉಚಿತ ಎ.ಆರ್.ಟಿ. ಶುರು ಮಾಡಿದ್ದು 2004ರ ಏಪ್ರಿಲ್ 1ಕ್ಕೆ. ಮೊದಲು ಕೆಲವೇ ಆಸ್ಪತ್ರೆಗಳಲ್ಲಿ, ಬೆಂಗಳೂರಲ್ಲೂ ಇತ್ತು. ಅಕ್ಕ ಅದಾದ ಮೇಲೂ ಹತ್ತು ತಿಂಗಳು ಬದುಕಿದ್ದಳು. ಬೆಂಗಳೂರು ನಮ್ಮೂರಿಂದ ಮೂರು ಗಂಟೆ ದಾರಿ. ನಾಚಿಕೆಗೆ ನಾವು ಯಾರನ್ನೂ ಏನೂ ಕೇಳಲಿಲ್ಲ, ಹಾಗಾಗಿ ಯಾರೂ ಹೇಳಲೂ ಇಲ್ಲ. ಇಷ್ಟನ್ನೂ ಅವನಿಗೆ ಹೇಳಿದೆ. ಊರು ಬರೋ ತನಕ ಕಿಟಕಿ ಕಡೆ ನೋಡ್ತಾ ಕೂತಿದ್ದ. ಇಳಿದ ಮೇಲೆ ಮಾತ್ರೆ ಚೀಲ ನನ್ನ ಕೈಯಿಂದ ತಾನೇ ತಗೊಂಡ.

ಅವತ್ತಿಂದ ಆ ಚೀಲ ಅವನದೇ. ಸಿಡಿ4 ನಿಧಾನಕ್ಕೆ ಮೇಲೆ ಬಂತು. ಈಗ ದಿನಕ್ಕೆ ಒಂದೇ ಮಾತ್ರೆ. ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಕಮ್ಮಿ ಇದೆ. ಹಾಗೇ ಉಳಿಸಿಕೊಂಡರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡೋದಿಲ್ಲ. ಮದುವೆ, ಮಕ್ಕಳು ಎಲ್ಲಾ ಸಾಧ್ಯ. ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಎಚ್‌ಐವಿ ಇದೆ ಅಂತ ಕೆಲಸದಿಂದ ತೆಗೆಯೋದು, ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡದೇ ಇರೋದು 2017ರ ಕಾಯ್ದೆ ಪ್ರಕಾರ ತಪ್ಪು. ಅದನ್ನ ನನಗೆ ಹೇಳಿಕೊಟ್ಟವನೂ ಅವನೇ. ಎತ್ತರ ಮಾತ್ರ ಈಗಲೂ ನನ್ನ ಭುಜಕ್ಕೆ!

ಶಾಲೆಗೆ ಹೋಗೋ ವಯಸ್ಸಿನ ಮಕ್ಕಳಿಗೆ ಅವರಿಗೆ ಅರ್ಥವಾಗೋ ಹಾಗೆ ಸ್ವಲ್ಪ ಸ್ವಲ್ಪವೇ ನಿಜ ಹೇಳಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿತ್ತು. ಆಗ ಪುಟ್ಟನಿಗೆ ಹತ್ತು ವರ್ಷ. ನಿಮ್ಮ ಪರಿಚಯದ ಮನೆಯಲ್ಲೂ ಒಂದು "ರಕ್ತ ಕಮ್ಮಿ ಮಾತ್ರೆ" ಇದ್ದರೆ ದಯವಿಟ್ಟು ಅವರಿಗೆ ಇದನ್ನ ಹೇಳಿ. ಮಗುವಿಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ನೀವು ಅಳ್ತೀರಿ ಅಂತ ಅದು ಸುಮ್ಮನಿರಬಹುದು.

ಅಮ್ಮನಿಗೆ ಈಗ ಬಿ.ಪಿ. ಮಾತ್ರೆ. ರಾತ್ರಿ ಎಂಟಕ್ಕೆ ಪುಟ್ಟ ತಪ್ಪದೇ ಫೋನ್ ಮಾಡ್ತಾನೆ, "ಅಜ್ಜಿ, ಮಾತ್ರೆ ತಗೊಂಡ್ಯಾ?" ಅಂತ. "ನೀನು?" ಅಂತ ಅವಳು ಕೇಳ್ತಾಳೆ. ಇಬ್ಬರೂ ಫೋನ್ ಹಿಡಕೊಂಡೇ ನುಂಗ್ತಾರೆ.